ಕ್ಲಾರಿನೆಟ್ ಅಭ್ಯಾಸಕ್ಕೆ ಯಾವ ಪುಸ್ತಕ?

ಸಾಂಬ್ರಾದಂಥ ಊರಿನ ಧರ್ಮಕೇಂದ್ರದಲ್ಲಿ ಕ್ಲಾರಿನೆಟ್ ಕಲಿಯುವ ಯುವಕನಿಗೆ ಶಿಕ್ಷಕರು ದೊರೆಯದಿದ್ದರೆ ಪುಸ್ತಕವೇ ಗುರು. ಆದರೆ ಪುಸ್ತಕ ಕೊಳ್ಳುವ ಮೊದಲು ನಾವು ವಾದ್ಯವನ್ನು ನೋಡಬೇಕು. ಇಂದು ಹೆಚ್ಚು ಬಳಕೆಯಲ್ಲಿರುವ ಬೋಹ್ಮ್ ಪದ್ಧತಿಯ ಕ್ಲಾರಿನೆಟ್‌ಗೆ ಸಾಮಾನ್ಯವಾಗಿ 17 ಕೀಗಳು, 6 ಉಂಗುರಗಳು. ಹಳೆಯ ಆಲ್ಬರ್ಟ್ ಪದ್ಧತಿಯದರಲ್ಲಿ ಇವು ಕಡಿಮೆ. ಬೆರಳಿಡುವ ಕ್ರಮವೂ ಬೇರೆ. ಪುಸ್ತಕದ ಬೆರಳು ನಕ್ಷೆ ವಾದ್ಯಕ್ಕೆ ಹೊಂದದಿದ್ದರೆ ವರ್ಷದ ಶ್ರಮವೂ ವ್ಯರ್ಥ; ತಪ್ಪು ಅಭ್ಯಾಸ ಬಿಡಿಸುವುದು ಇನ್ನೂ ಕಷ್ಟ.

ಬೋಹ್ಮ್ ವಾದ್ಯಕ್ಕೆ ಕ್ಲೋಝೆಯವರ 1843ರ ಪಠ್ಯ ಇಂದಿಗೂ ಆಧಾರ. ತೀರಾ ಹೊಸಬರು ಸರಳ ಪಾಠಗಳನ್ನು ಮುಗಿಸಿ ಅದಕ್ಕೆ ಬರಲಿ. ಅದು ಬೆರಳುಗಳನ್ನು ಪಳಗಿಸುತ್ತದೆ. ಅನಂತರ ರೋಸ್ ಅವರ 32 ಅಭ್ಯಾಸಗಳು ಉಸಿರನ್ನೂ ಭಾವವನ್ನೂ ತಿದ್ದುತ್ತವೆ. ಇವೆರಡರ ಹಳೆಯ ಮುದ್ರಣಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಹೀಗೆ ಉಳಿದ ಹಣದಿಂದ ಧರ್ಮಕೇಂದ್ರವು ಒಳ್ಳೆಯ ರೀಡುಗಳನ್ನು ಕೊಳ್ಳಲಿ. ತಿಂಗಳಿಗೊಮ್ಮೆಯಾದರೂ ಬಲ್ಲವರೊಬ್ಬರನ್ನು ಕರೆಸಲಿ. ತುಟಿಯ ತಪ್ಪನ್ನು ಪುಸ್ತಕ ಕಾಣದು.