ಬಿಸಿಲನ್ನು ಹಿಡಿಯುವ ಸ್ಫಟಿಕ ಬಿಸಿಲಿಗೆ ನಿಂತೀತೆ?

ರಾಯಚೂರಿನ ಬೇಸಗೆಯನ್ನು ಕಂಡವರಿಗೆ ಸೂರ್ಯನ ಪ್ರತಾಪವನ್ನು ಬಣ್ಣಿಸಬೇಕಾಗಿಲ್ಲ. ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಇಲ್ಲಿ ಸಾಮಾನ್ಯ. ಆದರೂ ನೆರೆಯ ಶಕ್ತಿನಗರದಲ್ಲಿ ನಾವು ವಿದ್ಯುತ್ತಿಗಾಗಿ ಕಲ್ಲಿದ್ದಲನ್ನು ಉರಿಸುತ್ತಿದ್ದೇವೆ. ತಲೆಯ ಮೇಲೆ ಸುರಿಯುವ ಬೆಳಕನ್ನೇ ಅಗ್ಗವಾಗಿ ವಿದ್ಯುತ್ತನ್ನಾಗಿ ಮಾರ್ಪಡಿಸಲಾಗದೆ? ಈ ಆಸೆಯನ್ನು ಚಿಗುರಿಸಿರುವ ವಸ್ತುವಿಗೆ ಪೆರೊವ್‌ಸ್ಕೈಟ್ ಎಂದು ಹೆಸರು.

ಇಂದಿನ ಸೌರಫಲಕಗಳಲ್ಲಿ ಹೆಚ್ಚಿನವು ಸಿಲಿಕಾನಿನವು. ಸಿಲಿಕಾನನ್ನು 1400 ಡಿಗ್ರಿಗೂ ಮೀರಿದ ಉಷ್ಣತೆಯಲ್ಲಿ ಕರಗಿಸಿ ಹರಳುಗಟ್ಟಿಸಬೇಕು. ಪೆರೊವ್‌ಸ್ಕೈಟಿನ ರೀತಿಯೇ ಬೇರೆ. ಸೀಸ, ಅಯೊಡೀನ್ ಹಾಗೂ ಒಂದು ಸಾವಯವ ಅಯಾನು ಕೂಡಿದ ದ್ರಾವಣವನ್ನು ಗಾಜಿನ ಮೇಲೆ ಬಳಿದು, ನೀರು ಕುದಿಯುವಷ್ಟು ಶಾಖದಲ್ಲಿ ಕಾಯಿಸಿದರೆ ಕಪ್ಪು ಸ್ಫಟಿಕದ ಪೊರೆ ಮೂಡುತ್ತದೆ. ಬೆಳಕು ಬಿದ್ದೊಡನೆ ಅದರಲ್ಲಿ ಇಲೆಕ್ಟ್ರಾನುಗಳು ಬಿಡುಗಡೆಗೊಂಡು, ಪಕ್ಕದ ಪದರಗಳ ಮೂಲಕ ಪ್ರವಾಹವಾಗಿ ಹರಿಯುತ್ತವೆ.

2009ರಲ್ಲಿ ಜಪಾನಿನ ಮಿಯಾಸಾಕ ಮತ್ತು ಸಂಗಡಿಗರು ಪ್ರಕಟಿಸಿದ ಇಂಥ ಕೋಶದ ದಕ್ಷತೆ ಶೇಕಡಾ 3.8 ಮಾತ್ರ. ಇಂದು ಪ್ರಯೋಗಶಾಲೆಯ ಪುಟ್ಟ ಕೋಶಗಳಲ್ಲಿ ಅದು ಶೇಕಡಾ 26ನ್ನು ಮೀರಿದೆ. ಈ ಏರಿಕೆಯ ಗುಟ್ಟೇನು? ಪೊರೆಯ ಹರಳುಗಳ ಅಂಚಿನಲ್ಲಿ, ಅಯಾನುಗಳಿರಬೇಕಾದೆಡೆ, ಖಾಲಿ ತಾಣಗಳಿರುತ್ತವೆ. ಹೊಲಕ್ಕೆ ಹೊರಟ ನೀರು ಕಾಲುವೆಯ ಬಿರುಕುಗಳಲ್ಲಿ ಇಂಗಿಹೋಗುವಂತೆ ಇಲೆಕ್ಟ್ರಾನುಗಳು ಅಲ್ಲಿ ಸಿಕ್ಕಿ ವ್ಯರ್ಥವಾಗುತ್ತವೆ. ತಕ್ಕ ರಾಸಾಯನಿಕಗಳ ಲೇಪದಿಂದ ಆ ತಾಣಗಳನ್ನು ಮುಚ್ಚಿದುದು ಈ ಗೆಲುವಿಗೆ ಒಂದು ಮುಖ್ಯ ಕಾರಣ.

ಹಾಗಾದರೆ ಅಡ್ಡಿಯೆಲ್ಲಿ? ಸುಲಭವಾಗಿ ಕೂಡಿದುದು ಸುಲಭವಾಗಿಯೇ ಅಗಲುತ್ತದೆ. ಈ ಸ್ಫಟಿಕದಲ್ಲಿ ಅಯಾನುಗಳ ಬಂಧ ದುರ್ಬಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತದ ಗದ್ದೆಗಳ ತೇವವು ಪೊರೆಯನ್ನು ತಾಕಿತೆನ್ನಿ; ಸಾವಯವ ಭಾಗ ಕಳಚಿಕೊಂಡು, ಕಪ್ಪು ಪೊರೆ ಹಳದಿಯ ಸೀಸದ ಅಯೊಡೈಡ್ ಆಗಿಬಿಡುತ್ತದೆ. ದೇವದುರ್ಗದ ಬೇಸಗೆಯಲ್ಲಿ 60 ಡಿಗ್ರಿಗೂ ಮೀರಿ ಕಾಯುವ ಫಲಕದಲ್ಲಿ ಈ ವಿಘಟನೆ ಇನ್ನೂ ತ್ವರಿತ. ಒಡೆದ ಫಲಕದ ಸೀಸ ಗದ್ದೆಯ ನೀರಿಗೆ ಸೇರಿದರೆ ಬೆಳೆಗೂ ಕೇಡು.

ಇದಕ್ಕೆ ವಿಜ್ಞಾನಿಗಳು ಮೂರು ದಾರಿಗಳನ್ನು ಹಿಡಿದಿದ್ದಾರೆ. ಶಾಖಕ್ಕೆ ಬೇಗ ಕೆಡುವ ಸಾವಯವ ಅಯಾನಿಗೆ ಬದಲಾಗಿ ಸೀಸಿಯಂ, ಫಾರ್ಮಮಿಡಿನಿಯಂ ಅಯಾನುಗಳನ್ನು ಬೆರೆಸುವುದು ಒಂದು. ನೀರನ್ನು ಹತ್ತಿರಗೊಡದ ತೆಳುಪದರವನ್ನು ಪೊರೆಯ ಮೇಲೆ ಹೊದಿಸುವುದು ಎರಡು. ಎರಡು ಗಾಜುಗಳ ನಡುವೆ ಗಾಳಿಯಾಡದಂತೆ ಬಿಗಿಯುವುದು ಮೂರು. ಹೀಗೆ ಕಾಪಾಡಿದ ಫಲಕವನ್ನು 85 ಡಿಗ್ರಿ ಉಷ್ಣತೆ, ಶೇಕಡಾ 85 ತೇವಾಂಶದಲ್ಲಿ 1000 ಗಂಟೆ ಇರಿಸಿ ಪರೀಕ್ಷಿಸುವುದು ರೂಢಿ.

ಆದರೆ 1000 ಗಂಟೆಗಳೆಂದರೆ 42 ದಿನಗಳಿಗೂ ಕಡಮೆ. ಸಿಲಿಕಾನ್ ಫಲಕಗಳಿಗೆ ತಯಾರಕರು ಸಾಮಾನ್ಯವಾಗಿ 25 ವರ್ಷಗಳ ಭರವಸೆ ಕೊಡುತ್ತಾರೆ. ಸಾಲಮಾಡಿ ಪಂಪಿಗೆ ಫಲಕ ಹಾಕಿಸುವ ರೈತನು ಮೊದಲು ಕೇಳುವುದು ಬಾಳಿಕೆಯನ್ನೇ. ನಮ್ಮ ಸೀಮೆಯ ಅಷ್ಟು ಬೇಸಗೆಗಳನ್ನೂ ಮಳೆಗಾಲಗಳನ್ನೂ ತಾಳಬಲ್ಲುದೆಂದು ತೋರಿಸಿದ ದಿನ ಪೆರೊವ್‌ಸ್ಕೈಟನ್ನು ನಾವು ಸಿಲಿಕಾನಿನ ಸರಿಸಾಟಿಯೆಂದು ಒಪ್ಪಬಹುದು.