ಗಡ್ಡೆಯೊಳಗಿನ ಕಾವಲು

ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ಪಟ್ಟಿ. ಅದರ ಮೇಲೆ ಕೂದಲೆಳೆಗಿಂತ ತೆಳ್ಳಗೆ ಕೊಯ್ದ ಗಡ್ಡೆಯ ಚೂರು. ವಯಸ್ಕರ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳ ಪೈಕಿ ಅತಿ ಕ್ರೂರವಾದ ಗ್ಲಿಯೋಬ್ಲಾಸ್ಟೋಮಾ ಅದು. ತೆಳುಗೆಂಪು ನೆಲದ ತುಂಬ ನೇರಳೆ ಚುಕ್ಕೆಗಳು ಕಿಕ್ಕಿರಿದಿವೆ. ಒಂದು ಉದ್ದ, ಒಂದು ಗುಂಡು, ಮತ್ತೊಂದು ಅಂಕುಡೊಂಕು. ನಡುನಡುವೆ ಜೀವಕೋಶಗಳು ಸತ್ತು ಬಣ್ಣಗೆಟ್ಟ ಬಯಲು. ಆ ಬಯಲಿನ ಅಂಚಿಗೆ ಬದುಕಿರುವ ಕೋಶಗಳು ಒತ್ತೊತ್ತಾಗಿ ಸಾಲುಗಟ್ಟಿವೆ. ರಕ್ತನಾಳಗಳ ಗೋಡೆ ದಪ್ಪಗಾಗಿ ಗೋಜಲು ಗೋಜಲಾಗಿದೆ.

ಅದೇ ಚೂರಿನ ಇನ್ನೊಂದು ಪದರಕ್ಕೆ ಬೇರೆ ಬಣ್ಣ ಹಾಕುತ್ತಾರೆ. ಮಿದುಳಿನ ರೋಗನಿರೋಧಕ ಕೋಶಗಳನ್ನೇ ಹುಡುಕಿ ಅಂಟಿಕೊಳ್ಳುವ ಕಂದು ಬಣ್ಣ. ಈಗ ಕಣ್ಣಿಟ್ಟರೆ ಕಂದು ಇಲ್ಲದ ಜಾಗವೇ ಕಡಿಮೆ. ಗಡ್ಡೆ ಎಂದು ನಾವು ಕರೆಯುವುದರಲ್ಲಿ ಸುಮಾರು ಮೂರನೇ ಒಂದು ಪಾಲು, ಕೆಲವೊಮ್ಮೆ ಅರ್ಧದವರೆಗೂ, ಕ್ಯಾನ್ಸರ್ ಕೋಶಗಳೇ ಅಲ್ಲ. ಅವು ನಮ್ಮನ್ನು ಕಾಯಬೇಕಾದ ನಮ್ಮದೇ ಕೋಶಗಳು.

ಇವುಗಳಲ್ಲಿ ಮುಖ್ಯವಾದ ಬಗೆಯೊಂದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿದವರು ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗ. 1919ರಲ್ಲಿ, ಮ್ಯಾಡ್ರಿಡ್‌ನಲ್ಲಿ, ಬೆಳ್ಳಿಯ ಕಾರ್ಬೊನೇಟಿನಿಂದ ಅವರು ಮಿದುಳಿನ ಪದರಗಳಿಗೆ ಬಣ್ಣ ಕಟ್ಟಿದರು. ನರಕೋಶಗಳ ಸಂದಿಯಲ್ಲಿ ಪುಟ್ಟ ಕಪ್ಪು ಒಡಲುಗಳು ಎದ್ದು ಕಂಡವು. ಸುತ್ತ ಮುಳ್ಳುಕಂಟಿಯ ರೆಂಬೆಗಳಂತೆ ಕವಲೊಡೆದ ಸಪೂರ ತೋಳುಗಳು. ಅವುಗಳಿಗೆ ಮೈಕ್ರೊಗ್ಲಿಯಾ ಎಂದು ಹೆಸರಿಟ್ಟರು. ಮಿದುಳಿಗೆ ಪೆಟ್ಟಾದರೆ ಈ ಕೋಶಗಳು ತೋಳು ಮುದುರಿ, ಮೈ ದುಂಡಗೆ ಮಾಡಿಕೊಂಡು, ಗಾಯದತ್ತ ಸರಿದು ಸತ್ತದ್ದನ್ನು ನುಂಗುತ್ತವೆ ಎಂದೂ ತಿಳಿಸಿದರು. 1924ರಲ್ಲಿ ಈ ಬಣ್ಣಗಾರಿಕೆ ಕಲಿಯಲೆಂದೇ ಯುವ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಸಾಗರ ದಾಟಿ ಅವರಲ್ಲಿಗೆ ಬಂದರು. ಮರುವರ್ಷವೇ, ಗ್ಲಿಯೋಬ್ಲಾಸ್ಟೋಮಾ ಕೂಡ ಸೇರುವ ಗ್ಲಿಯೋಮಾ ಗಡ್ಡೆಗಳೊಳಗಿನ ಮೈಕ್ರೊಗ್ಲಿಯಾ ಬಗ್ಗೆ ಲೇಖನ ಪ್ರಕಟಿಸಿದರು. ಗಡ್ಡೆಯೊಳಗೆ ಕಾವಲಿದೆ ಎಂಬುದು ನೂರು ವರ್ಷ ಹಳೆಯ ಸಂಗತಿ. ಆ ಕಾವಲು ಯಾರ ಪರ ಎಂಬುದು ಗೊತ್ತಾಗಲು ಬಹುಕಾಲ ಹಿಡಿಯಿತು.

ಗಾಜಿನ ಪಟ್ಟಿಯ ಅಂಚಿನಿಂದ ನಡುವಿಗೆ ನಿಧಾನವಾಗಿ ಕಣ್ಣು ಸರಿಸೋಣ. ಆರೋಗ್ಯವಾಗಿರುವ ಭಾಗದಲ್ಲಿ ಮೈಕ್ರೊಗ್ಲಿಯಾ ತೋಳು ಚಾಚಿ ಅಂತರ ಕಾಯ್ದುಕೊಂಡು ನಿಂತಿವೆ. ಗಡ್ಡೆ ಹತ್ತಿರವಾದಂತೆ ತೋಳು ಮೊಟಕಾಗುತ್ತದೆ, ಮೈ ಉಬ್ಬುತ್ತದೆ, ಗುಂಪು ದಟ್ಟವಾಗುತ್ತದೆ. ಇನ್ನೂ ಒಳಗೆ, ರಕ್ತನಾಳಗಳ ಬಳಿ, ಅಸ್ಥಿಮಜ್ಜೆಯಲ್ಲಿ ಹುಟ್ಟಿ ರಕ್ತದ ಹಾದಿಯಲ್ಲಿ ಬಂದ ನುಂಗುಕೋಶಗಳಾದ ಮ್ಯಾಕ್ರೊಫೇಜ್‌ಗಳೂ ಸೇರಿಕೊಂಡಿವೆ. ಇವನ್ನೆಲ್ಲ ಕರೆದದ್ದು ಗಡ್ಡೆಯೇ. ಅದು ಸ್ರವಿಸುವ ರಾಸಾಯನಿಕಗಳ ಜಾಡು ಹಿಡಿದು ಇವು ಬರುತ್ತವೆ. ಬಂದ ಮೇಲೆ ಅಲ್ಲಿನ ವಾತಾವರಣವೇ ಇವುಗಳ ನಡತೆಯನ್ನು ಬದಲಿಸುತ್ತದೆ. ಗಡ್ಡೆಯನ್ನು ನುಂಗಬೇಕಾದವು ಅದರ ಬೆಳವಣಿಗೆಗೆ ಬೇಕಾದ್ದನ್ನು ಒದಗಿಸುತ್ತವೆ. ಕೋಶಗಳ ನಡುವಿನ ಹಂದರವನ್ನು ಕರಗಿಸುವ ಕಿಣ್ವ ಸುರಿಸಿ, ಕ್ಯಾನ್ಸರ್ ಹರಡಲು ದಾರಿ ಬಿಡಿಸಿಕೊಡುತ್ತವೆ. ಟಿಜಿಎಫ್-ಬೀಟಾದಂಥ ಸಂಕೇತಗಳು ಹರಿದಾಡಿ ಟಿ ಕೋಶಗಳ ಕೈ ಕಟ್ಟುತ್ತವೆ. ಕ್ಯಾನ್ಸರ್ ಕೊಲ್ಲಬಲ್ಲ ಆ ಟಿ ಕೋಶಗಳು ಇಲ್ಲಿ ಕಾಣುವುದೇ ಅಲ್ಲೊಂದು ಇಲ್ಲೊಂದು. ಅವುಗಳಲ್ಲಿ ಬಹಳಷ್ಟು ಅಸ್ಥಿಮಜ್ಜೆಯಿಂದ ಹೊರಬರಲಾಗದೆ ಸಿಕ್ಕಿಕೊಂಡಿರುತ್ತವೆ ಎಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ತೋರಿಸಿದರು.

ವಾರ್ಡಿನಲ್ಲಿ ಇದೇ ಕಥೆ ನೋವಾಗಿ ಕಾಣಿಸುತ್ತದೆ. ಬೆಳಗಿನ ಜಾವ ತಲೆ ಸಿಡಿಯುವ ನೋವು, ವಾಂತಿ, ಸ್ವಾಧೀನ ತಪ್ಪುತ್ತಿರುವ ಒಂದು ಕೈ, ನಾಲಗೆಯ ತುದಿಯಲ್ಲಿದ್ದೂ ಬಾರದ ಮಗಳ ಹೆಸರು. ಗಡ್ಡೆಯ ಸೋರುವ ರಕ್ತನಾಳಗಳಿಂದ ನೀರು ಸುತ್ತಲ ಮಿದುಳಿಗೆ ಇಳಿದು ಊತ ಬರುತ್ತದೆ. ಉರಿಯೂತ ಅದಕ್ಕೆ ಜೊತೆಗೂಡುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. 1961ರಿಂದ ವೈದ್ಯರು ಇಂಥ ಊತಕ್ಕೆ ಬಳಸುತ್ತಿರುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಅದನ್ನು ಇಳಿಸುತ್ತದೆ. ಒಂದೆರಡು ದಿನದಲ್ಲೇ ರೋಗಿ ಎದ್ದು ಕೂರುತ್ತಾರೆ, ಮಾತು ಮರಳುತ್ತದೆ. ಆದರೆ ಅದೇ ಮಾತ್ರೆ, ಮೊದಲೇ ಸೊರಗಿದ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಅಡಗಿಸುತ್ತದೆ. ಬಿಡುವಂತಿಲ್ಲ, ಬೇಕಾದದ್ದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಈ ಇಕ್ಕಟ್ಟಿನಲ್ಲೇ ಡೋಸ್ ನಿಗದಿಯಾಗಬೇಕು.

ಶಸ್ತ್ರಚಿಕಿತ್ಸೆಯ ನಂತರ ವಿಕಿರಣದ ಜೊತೆ ಟೆಮೊಝೊಲೊಮೈಡ್ ಎಂಬ ಔಷಧ ಸೇರಿಸಿದಾಗ ರೋಗಿಗಳ ಬದುಕಿನ ಅವಧಿಯ ಮಧ್ಯಾಂಕ (ಮೀಡಿಯನ್) 12.1 ತಿಂಗಳಿಂದ 14.6 ತಿಂಗಳಿಗೆ ಏರಿತೆಂದು 2005ರ ಅಧ್ಯಯನ ತಿಳಿಸಿತು. ಚರ್ಮದ ಕ್ಯಾನ್ಸರಿನಲ್ಲಿ ಟಿ ಕೋಶಗಳ ಕಟ್ಟು ಬಿಚ್ಚಿ ಯಶಸ್ವಿಯಾದ ನಿವೊಲುಮ್ಯಾಬ್, ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾದಲ್ಲಿ ಆಯುಷ್ಯ ಹೆಚ್ಚಿಸಲಿಲ್ಲ. ಮ್ಯಾಕ್ರೊಫೇಜ್‌ಗಳ ನಡತೆ ತಿದ್ದುವ ಔಷಧವೊಂದು ಇಲಿಗಳಲ್ಲಿ ಗಡ್ಡೆಯನ್ನು ಕುಗ್ಗಿಸಿತು. ಅದೇ ಬಗೆಯ ಔಷಧ ರೋಗಿಗಳಲ್ಲಿ ಫಲ ಕೊಡಲಿಲ್ಲ. ಬಾಸ್ಟನ್‌ನಲ್ಲಿ ಮೂವರು ರೋಗಿಗಳ ಮಿದುಳಿನ ದ್ರವಕ್ಕೆ, ಪ್ರಯೋಗಾಲಯದಲ್ಲಿ ತಿದ್ದಿದ ಟಿ ಕೋಶಗಳನ್ನು ಬಿಟ್ಟಾಗ ಗಡ್ಡೆ ಕೆಲವೇ ದಿನಗಳಲ್ಲಿ ಕುಗ್ಗಿತೆಂದು 2024ರಲ್ಲಿ ವರದಿಯಾಯಿತು. ಇಬ್ಬರಲ್ಲಿ ಅದು ಮತ್ತೆ ಬೆಳೆಯಿತು. ಆದರೂ ಮಿದುಳಿನ ಗಡ್ಡೆಯನ್ನು ರೋಗನಿರೋಧಕ ಕೋಶಗಳು ಮುಟ್ಟಬಲ್ಲವು ಎಂಬುದು ಕಣ್ಣಿಗೆ ಕಂಡಿತು. ಕ್ಯಾನ್ಸರ್ ಕೋಶಗಳನ್ನು ಕೊಂದರಷ್ಟೇ ಸಾಲದು, ದಾರಿ ತಪ್ಪಿದ ಕಾವಲನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು.

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಏಕೆ ಸೋತಿತು ಎಂಬುದನ್ನು ಮನುಷ್ಯರ ಗಡ್ಡೆಯಲ್ಲೇ ಹುಡುಕಬೇಕು. ಮಿದುಳಿನ ಅಂಗಾಂಶಗಳನ್ನು ಕಾಪಿಡುವ ಬ್ಯಾಂಕ್ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ತೆಗೆದ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ವೈದ್ಯರು ಕೇಳುವ ಹೊತ್ತು ಮನೆಯವರಿಗೆ ದುಗುಡದ ಹೊತ್ತು. ಆ ಹೊತ್ತಿನಲ್ಲೂ ಸಹಿ ಹಾಕಿದವರಿಂದಲೇ ಮೇಲಿನ ಹಲವು ಸಂಗತಿಗಳು ನಮಗೆ ತಿಳಿದಿವೆ. ಯಾರಾದರೂ ನಿಮ್ಮನ್ನು ಹಾಗೆ ಕೇಳಿದರೆ ಸರಿಯಾಗಿ ವಿಚಾರಿಸಿ, ಸಾಧ್ಯವಾದರೆ ಒಪ್ಪಿಗೆ ಕೊಡಿ. ಮುಂದೆ ಬರುವ ರೋಗಿಗೆ ಅದಕ್ಕಿಂತ ದೊಡ್ಡ ನೆರವಿಲ್ಲ.