ಪ್ಲಾಂಕಿಯಾ ಮಾಗ್ನಾಳ ಬಾಗಿಲು

ತುರ್ಕಿಯ ಅಂತಾಲ್ಯದಿಂದ ಸುಮಾರು 18 ಕಿ.ಮೀ. ದೂರದಲ್ಲಿ ಪೆರ್ಗೆ ಎಂಬ ಪಾಳುಪಟ್ಟಣವಿದೆ. ಅದರ ದಕ್ಷಿಣ ಬಾಗಿಲಿನ ಎರಡು ದುಂಡು ಬುರುಜುಗಳು ಹಗೆಗಳನ್ನು ತಡೆಯಲೆಂದು ಎದ್ದವು. ರೋಮನ್ನರ ಆಳ್ವಿಕೆ ನೆಲೆಯೂರಿದ ಮೇಲೆ ತಡೆಯಲು ಹಗೆಗಳೇ ಉಳಿಯಲಿಲ್ಲ. ಕಾವಲಿನ ಕೆಲಸ ತೀರಿದ ಈ ಕೋಟೆಬಾಗಿಲನ್ನು ಊರಿನ ಒಡ್ಡೋಲಗವಾಗಿಸಿದವಳು ಪ್ಲಾಂಕಿಯಾ ಮಾಗ್ನಾ.

ಬುರುಜುಗಳ ಹಿಂದಿನ ಲಾಳಾಕಾರದ ಅಂಗಳಕ್ಕೆ ಅವಳು ಅಮೃತಶಿಲೆ ಹೊದಿಸಿ, ಗೋಡೆಯ ಗೂಡುಗಳಲ್ಲಿ ಪ್ರತಿಮೆಗಳನ್ನು ಇರಿಸಿದಳು. ಅಂಗಳದ ಕೊನೆಗೆ ಮೂರು ಕಮಾನುಗಳ ದ್ವಾರ, ಅಲ್ಲಿ ಚಕ್ರವರ್ತಿಗಳು ಮತ್ತು ಅವರ ಮನೆಯ ಹೆಂಗಸರು. ಬರಹ ಲ್ಯಾಟಿನ್ನಿನಲ್ಲೂ ಇದೆ, ಗ್ರೀಕಿನಲ್ಲೂ ಇದೆ. ಕಟ್ಟಿದ ಕಾಲವನ್ನು ಆ ಬರಹವೇ ಬಿಟ್ಟುಕೊಡುತ್ತದೆ. ಚಕ್ರವರ್ತಿ ಹೇಡ್ರಿಯನ್ನನ ಅತ್ತೆ ಮಟಿಡಿಯಾ ತೀರಿಕೊಂಡದ್ದು ಕ್ರಿ.ಶ. 119ರಲ್ಲಿ, ಕಲ್ಲು ಅವಳನ್ನು ದೇವಿ ಎನ್ನುತ್ತದೆ. ಟ್ರಾಜನ್ನನ ವಿಧವೆ ಪ್ಲೊಟಿನಾಳಿಗೆ ಆ ಪಟ್ಟವಿಲ್ಲ. ಸತ್ತ ಮೇಲೆ ತಾನೇ ದೈವತ್ವ! ಅವಳು ಸತ್ತದ್ದು 123ರ ಸುಮಾರಿಗೆ. ಹಾಗಾಗಿ ಕೆಲಸ ಮುಗಿದದ್ದು ಈ ನಡುವಿನ ಮೂರು ನಾಲ್ಕು ವರ್ಷಗಳಲ್ಲಿ.

ಪ್ಲಾಂಕಿಯಾ ಆರ್ಟೆಮಿಸ್ ದೇವಿಯ ಅರ್ಚಕಿ. ದೇವಮಾತೆಯ ಅರ್ಚಕಿ ಕೂಡ. ಅದೂ ಜೀವಮಾನವಿಡೀ, ಮೊದಲನೆಯವಳು ಮತ್ತು ಒಬ್ಬಳೇ ಎಂದು ಶಾಸನ ಒತ್ತಿ ಹೇಳುತ್ತದೆ. ಅರ್ಚಕಿ ಎಂದರೆ ಗರ್ಭಗುಡಿಯಲ್ಲೇ ದಿನ ಕಳೆಯುವವಳು ಎಂದುಕೊಳ್ಳಬೇಡಿ. ಅದು ಊರಿನ ದೊಡ್ಡ ಮನೆತನಗಳ ಹುದ್ದೆ. ಗೌರವದ ಜೊತೆಗೆ ಕೈಬಿಚ್ಚಿ ಖರ್ಚು ಮಾಡುವ ಹೊಣೆಯೂ ಅಂಟಿಕೊಂಡೇ ಬರುತ್ತಿತ್ತು. ಡೆಮಿಯುರ್ಗೋಸ್ ಎಂಬ ಪದವಿಯನ್ನೂ ಅವಳು ಹೊತ್ತಿದ್ದಳು. ಅದನ್ನು ಹೊತ್ತವರ ಹೆಸರಿನಿಂದಲೇ ಊರಿನಲ್ಲಿ ಆ ವರ್ಷವನ್ನು ಗುರುತಿಸುತ್ತಿದ್ದರು. ಪೌರಸಭೆ ಅವಳನ್ನು ‘ನಗರದ ಮಗಳು’ ಎಂದು ಕರೆದು ಪ್ರತಿಮೆ ನಿಲ್ಲಿಸಿತು.

ನನಗೆ ಮಾತ್ರ ಚಕ್ರವರ್ತಿಗಳ ಸಾಲಿಗಿಂತ ಅಂಗಳದ ಪೀಠಗಳೇ ಹೆಚ್ಚು ಮಾತಾಡುತ್ತವೆ. ಪುರಾತತ್ವಜ್ಞ ಆರಿಫ್ ಮುಫಿದ್ ಮಾನ್ಸೆಲ್ 1950ರ ದಶಕದಲ್ಲಿ ಇಲ್ಲಿ ಅಗೆದಾಗ ಊರಿನ ‘ಸ್ಥಾಪಕರ’ ಪೀಠಗಳು ಸಿಕ್ಕವು. ಅವರಲ್ಲಿ ಟ್ರಾಯ್ ಯುದ್ಧದ ಕಥೆಗಳ ಕಾಲಜ್ಞಾನಿಗಳಾದ ಕಾಲ್ಖಸ್, ಮೊಪ್ಸೊಸ್ ಇದ್ದಾರೆ. ಅವರ ಪಂಕ್ತಿಯಲ್ಲೇ ಅವಳ ಅಪ್ಪ ಮತ್ತು ಅಣ್ಣತಮ್ಮನೂ! ಶತಮಾನಗಳಷ್ಟು ಹಳೆಯ ಊರಿಗೆ ನಿನ್ನೆಯ ಮನೆತನ ಸ್ಥಾಪಕರಾದ ಪರಿ ಇದು. ಅಪ್ಪ ಮಾರ್ಕಸ್ ಪ್ಲಾಂಕಿಯಸ್ ವಾರಸ್ ಸಾಮಾನ್ಯನಲ್ಲ. ರೋಮಿನ ಸೆನೆಟರ್, ಬಿಥಿನಿಯಾ ಪ್ರಾಂತ್ಯವನ್ನು ಆಳಿದವನು. ಅವನ ಪೀಠದ ಮೇಲೆ ಈ ಪದವಿಗಳ ಸುದ್ದಿಯೇ ಇಲ್ಲ. ಸ್ಥಾಪಕ, ಪೆರ್ಗೆಯವನು, ಪ್ಲಾಂಕಿಯಾ ಮಾಗ್ನಾಳ ತಂದೆ ಎಂದಷ್ಟೇ ಇದೆ.